ಪಟ್ಟಿ ಬೇಡ, ರಾಶಿ ಇರಲಿ: ಬೇಸಿಗೆ ರಜೆಯ ಓದಿನ ಬಗ್ಗೆ

(ಬೇಸಿಗೆ ರಜೆಗೆ ಮುನ್ನ ಪೋಷಕರು, ಶಿಕ್ಷಕರು ಮತ್ತು ಗ್ರಂಥಾಲಯ ಮೇಲ್ವಿಚಾರಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ ನಮ್ಮ ಶಾಲೆಗಳ ಬಾಗಿಲು ಮುಚ್ಚುತ್ತದೆ, ರೋಹಿಣಿ ಹುಟ್ಟುವ ಹೊತ್ತಿಗೆ ಮತ್ತೆ ತೆರೆಯುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ತನಕ, ಹೆಚ್ಚುಕಡಿಮೆ ಏಳು ವಾರ. ಈ ಏಳು ವಾರಕ್ಕೆ ಮಕ್ಕಳು ಓದಬೇಕಾದ ಪುಸ್ತಕಗಳ ಪಟ್ಟಿ ಮಾಡಿಕೊಡಿ ಎಂದು ಪೋಷಕರು ಕೇಳುತ್ತಲೇ ಇರುತ್ತಾರೆ. ಪಟ್ಟಿ ಬೇಡ, ರಾಶಿ ಬೇಕು ಎನ್ನುವುದನ್ನು ಹೇಳಲು ಇಲ್ಲಿ ನಿಂತಿದ್ದೇನೆ.

ಪಟ್ಟಿಗೆ ಒಂದು ಕ್ರಮ ಇರುತ್ತದೆ, ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದವರು ಒಬ್ಬರು, ಓದಬೇಕಾದವರು ಇನ್ನೊಬ್ಬರು. ಮೂರನೆಯ ಪುಸ್ತಕ ಹಿಡಿಸಲಿಲ್ಲ ಎಂದರೆ ನಾಲ್ಕನೆಯದಕ್ಕೆ ಹೋಗುವ ಹಾಗಿಲ್ಲ. ಅಲ್ಲಿಗೆ ಓದು ನಿಂತುಹೋಗುತ್ತದೆ. ರಾಶಿಗೆ ಮೊದಲಿಲ್ಲ, ಕೊನೆಯಿಲ್ಲ. ಕೈ ಹಾಕಿದರೆ ಒಂದು ಸಿಗುತ್ತದೆ, ಬೇಡವಾದರೆ ವಾಪಸ್ ಹಾಕಿ ಇನ್ನೊಂದು ತೆಗೆಯಬಹುದು. ಆದರೆ ರಾಶಿ ತಾನಾಗಿ ಬೀಳುವುದಿಲ್ಲ, ಯಾರಾದರೂ ಒಟ್ಟಬೇಕು. ಯೋಜನೆಯಿಲ್ಲದ ಓದಿಗೆ ತಯಾರಿ ಬೇಡ ಎಂದುಕೊಳ್ಳುವಲ್ಲೇ ಹೆಚ್ಚಿನ ಮನೆಗಳು ಎಡವುತ್ತವೆ. ಓದುವವರಿಗೆ ಯೋಜನೆ ಬೇಡ. ಓದಿಸುವ ಮನೆಗೆ, ಗ್ರಂಥಾಲಯಕ್ಕೆ ತಯಾರಿ ಬೇಕೇ ಬೇಕು.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಹೆಚ್ಚಿನ ಕನ್ನಡ ಪುಸ್ತಕಗಳು ಡೆಮಿ 1/8 ಆಕಾರದವು, ಅಂದರೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದ. ಇಂಥ ಒಂದು ಪುಟ ಓದಲು ಅವಸರವಿಲ್ಲದ ದೊಡ್ಡವರಿಗೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷಕ್ಕೆ ಹತ್ತು ಪುಟ, 45 ದಿನಕ್ಕೆ 450 ಪುಟ. ಎರಡು ಮಧ್ಯಮ ಗಾತ್ರದ ಕಾದಂಬರಿ ಮತ್ತು ಒಂದು ಕಥಾಸಂಕಲನ ಮುಗಿಯುವಷ್ಟಾಯಿತು. ಇದನ್ನು ಯಾರೂ ಗುರಿಯಾಗಿ ಗೋಡೆಗೆ ಅಂಟಿಸಬೇಡಿ. ದಿನಕ್ಕೆ ಇಷ್ಟು ಚಿಕ್ಕ ಬಿಡುವು ಸಿಕ್ಕರೂ ಓದು ತಾನಾಗಿ ರಾಶಿಬೀಳುತ್ತದೆ ಎಂಬ ಧೈರ್ಯ ಬರಲಿ ಎಂದು ಹೇಳಿದೆ.

ಈಗ ರಾಶಿಯ ವಿಷಯ. ಒಂದು ಮಗುವಿಗೆ ಒಮ್ಮೆಗೆ ಹದಿನೈದರಿಂದ ಇಪ್ಪತ್ತು ಪುಸ್ತಕ ಕಣ್ಣಿಗೆ ಕಾಣುವಂತಿರಬೇಕು. ಐದೇ ಪುಸ್ತಕ ಇಟ್ಟರೆ ಅದು ಮತ್ತೆ ಪಟ್ಟಿಯೇ ಆಗುತ್ತದೆ, ಆಯ್ಕೆ ಎಂಬುದು ಉಳಿಯುವುದಿಲ್ಲ. ನೂರು ಇಟ್ಟರೆ ಮಗು ಕಣ್ಣಾಡಿಸಿ ಎದ್ದುಹೋಗುತ್ತದೆ. ವಾರಕ್ಕೊಮ್ಮೆ ನಾಲ್ಕೈದನ್ನು ತೆಗೆದು ಬೇರೆ ನಾಲ್ಕೈದು ಸೇರಿಸಿ. ತೆಗೆಯುವಾಗ ಮಗುವನ್ನು ಕೇಳಿಯೇ ತೆಗೆಯಬೇಕು, ಏಕೆಂದರೆ ನಮಗೆ ಮುಟ್ಟದಂತೆ ಕಂಡ ಪುಸ್ತಕವನ್ನು ಅದು ನಾಳೆಗೆಂದು ಕಣ್ಣಿಟ್ಟುಕೊಂಡಿರಬಹುದು.

ಹತ್ತರಲ್ಲಿ ಆರೇಳು ಪುಸ್ತಕ ಮಗುವಿನ ತರಗತಿಯ ಪಠ್ಯಕ್ಕಿಂತ ಸುಲಭವಾಗಿರಲಿ. ಐದನೆಯ ತರಗತಿಯ ಮಗು ಎರಡನೆಯ ತರಗತಿಯವರ ಚಿತ್ರಪುಸ್ತಕ ಓದುತ್ತಿದ್ದರೆ ದೊಡ್ಡವರಿಗೆ ಕಸಿವಿಸಿಯಾಗುತ್ತದೆ. ಆಗಬಾರದು. ಕಣ್ಣು ಅಕ್ಷರದ ಮೇಲೆ ಓಡುವುದು ಸುಲಭದ ಪುಸ್ತಕದಲ್ಲಿ. ಓಟ ಬಂದ ಮೇಲೆ ಕಷ್ಟದ್ದೂ ಬರುತ್ತದೆ. ಉಳಿದ ಮೂರರಲ್ಲಿ ಒಂದೆರಡು ಮಗುವಿಗೆ ಮೀರಿದ ದೊಡ್ಡ, ಚಿತ್ರ ತುಂಬಿದ ಪುಸ್ತಕಗಳಿರಲಿ. ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಈಗಲೂ ಎಷ್ಟೋ ಗ್ರಂಥಾಲಯಗಳ ಮೇಲಿನ ಅರೆಯಲ್ಲಿ ದೂಳು ತಿನ್ನುತ್ತಿದೆ. ಅದರ ಒಂದು ಸಂಪುಟವನ್ನು ಕೆಳಗಿಳಿಸಿ ನೆಲದ ಮೇಲೆ ತೆರೆದಿಡಿ. ಯಾರೂ ಅದನ್ನು ಮೊದಲಿನಿಂದ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಒಂದು ಚಿತ್ರ, ಅದರ ಕೆಳಗಿನ ನಾಲ್ಕು ಸಾಲು, ಅಲ್ಲಿಂದ ಪಕ್ಕದ ಪುಟ.

ದೊಡ್ಡವರ ರಾಶಿಗೆ ನಿರಂಜನರೇ ಸಂಪಾದಿಸಿದ ‘ವಿಶ್ವ ಕಥಾ ಕೋಶ’ದ 25 ಸಂಪುಟಗಳು ಹೇಳಿ ಮಾಡಿಸಿದಂತಿವೆ. ಬೇರೆ ಬೇರೆ ದೇಶಗಳ ಕತೆಗಳು ಕನ್ನಡದಲ್ಲಿ. ಯಾವ ಸಂಪುಟವನ್ನಾದರೂ ಎಳೆಯಿರಿ, ಯಾವ ಕತೆಯಿಂದಲಾದರೂ ಶುರುಮಾಡಿ, ಏನೂ ತಪ್ಪಿಹೋಗುವುದಿಲ್ಲ. ಇದರ ಜೊತೆಗೆ ಹಳೆಯ ಪತ್ರಿಕೆಗಳ ಕಟ್ಟು. ದೀಪಾವಳಿ, ಯುಗಾದಿ ವಿಶೇಷಾಂಕಗಳನ್ನು ರದ್ದಿಗೆ ಹಾಕುವವರು ಏಪ್ರಿಲ್‌ವರೆಗೆ ತಡೆಯಿರಿ. ಕತೆ, ಪ್ರಬಂಧ, ವ್ಯಂಗ್ಯಚಿತ್ರ, ಅಡುಗೆ ಎಲ್ಲ ಒಂದೇ ಕಡೆ ಸಿಗುವ ಇಂಥ ಕಟ್ಟು ಮಧ್ಯಾಹ್ನದ ಓದಿಗೆ ಬೇರೆಲ್ಲೂ ಸಿಗದು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ಯ ಹಳೆಯ ಸಂಚಿಕೆಗಳು ಮನೆಯಲ್ಲಿದ್ದರೆ ಹೊರತೆಗೆಯಿರಿ. ಅದರ ಕೊನೆಯ ‘ಪುಸ್ತಕ ವಿಭಾಗ’ದಲ್ಲಿ ಒಂದಿಡೀ ಪುಸ್ತಕದ ಸಂಗ್ರಹ ಇರುತ್ತದೆ, ಒಮ್ಮೆ ಕೂತರೆ ಮುಗಿಯುತ್ತದೆ, ಹಿಡಿಸಿದರೆ ಮೂಲವನ್ನು ಹುಡುಕಬಹುದು.

ರಾಶಿಯನ್ನು ಎಲ್ಲಿ ಇಡಬೇಕು ಎಂಬುದು, ಏನು ಇಡಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಬಹುಪಾಲು ತೆಳ್ಳಗಿನವು, ನಡುವೆ ಪಿನ್ ಹೊಡೆದ 16, 32, 48 ಪುಟಗಳವು. ಅವುಗಳಿಗೆ ಬೆನ್ನೇ ಇಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ಹೆಸರು ಕಾಣುವುದಿಲ್ಲ, ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡು ಅವು ಇಲ್ಲದಂತಾಗುತ್ತವೆ. ಇವನ್ನು ಮುಖಪುಟ ಮೇಲೆ ಬರುವಂತೆ ಮಲಗಿಸಿ. ಮನೆಯಲ್ಲಿ ಒಂದು ಮೊರ ಸಾಕು, ಬೆತ್ತದ ಬುಟ್ಟಿಯೂ ಆಗುತ್ತದೆ. ಈ ಕಾಲಕ್ಕೆ ಮಾವಿನಹಣ್ಣಿನ ಪೆಟ್ಟಿಗೆಗಳು ಸಿಗುತ್ತವೆ, ಅದೂ ಒಳ್ಳೆಯದೇ. ಆದರೆ ಒಳಗಿನ ಹುಲ್ಲನ್ನು ಪೂರ್ತಿ ತೆಗೆದು, ಒದ್ದೆಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗೆ ಒಣಗಿಸಿ, ಅಡಿಗೆ ಕಾಗದ ಹಾಸಿದ ಮೇಲೆ ಪುಸ್ತಕ ಇಡಿ. ಹಣ್ಣಿನ ರಸದ ಅಂಟು ಉಳಿದರೆ ಮೊದಲು ಇರುವೆ ಬರುತ್ತದೆ, ಹಿಂದೆಯೇ ಜಿರಳೆ. ಜಿರಳೆಗೆ ಪುಸ್ತಕದ ಗೋಂದೂ ಇಷ್ಟ.

ಬುಟ್ಟಿ ನೆಲದ ಮೇಲಿರಲಿ, ಮನೆಯವರು ಮಧ್ಯಾಹ್ನ ನಿಜವಾಗಿ ಕೂರುವ, ಮಲಗುವ ಜಾಗದಲ್ಲಿ. ಜಗಲಿ ಇರುವ ಮನೆಯಲ್ಲಿ ಜಗಲಿ, ಇಲ್ಲದಿದ್ದರೆ ತಣ್ಣನೆಯ ನೆಲದ ನಡುಮನೆ. ಓದುವ ಕೋಣೆ ಎಂದು ಬೇರೆ ಮಾಡಿ ಅಲ್ಲಿಟ್ಟರೆ ಓದು ಅಲ್ಲಿಗೆ ಹೋಗಿ ಮಾಡುವ ಕೆಲಸವಾಗುತ್ತದೆ. ಬುಟ್ಟಿಯ ಪಕ್ಕ ಚಾರ್ಜರ್ ಇರಬಾರದು. ಫೋನು ಕೈಗೆಟುಕುವಲ್ಲಿ ಇದ್ದಾಗ ಯಾವ ಪುಸ್ತಕವೂ ಗೆಲ್ಲುವುದಿಲ್ಲ, ದೊಡ್ಡವರ ಕೈಯಲ್ಲೂ ಅಷ್ಟೇ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಆಡಲಾಗದ ಬಿಸಿಲು. ಊಟವಾದ ಮೇಲಿನ ಒಂದು ಗಂಟೆ ಮನೆಯ ಎಲ್ಲ ಫೋನುಗಳೂ ಬೇರೆ ಕೋಣೆಯಲ್ಲಿರಲಿ. ‘ಈಗ ಓದು’ ಎಂದು ಹೇಳುವ ಅಗತ್ಯವೇ ಇಲ್ಲ. ಬೇಸರ ಬರಲು ಬಿಡಿ. ಬೇಸರ ಬಂದ ಕೈ ಬುಟ್ಟಿಗೆ ಹೋಗುತ್ತದೆ.

ಮೊದಲ ದಿನವೇ ಹೋಗುವುದಿಲ್ಲ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪರೀಕ್ಷೆ ಮುಗಿಸಿದ ಮಗುವಿಗೆ ಅಕ್ಷರ ಕಂಡರೆ ಪರೀಕ್ಷೆಯೇ ನೆನಪಾಗುತ್ತದೆ. ಮೊದಲ ವಾರ, ಹತ್ತು ದಿನ ಬುಟ್ಟಿಯನ್ನು ಯಾರೂ ಮುಟ್ಟದಿರಬಹುದು. ಈ ಹತ್ತು ದಿನದಲ್ಲೇ ಪೋಷಕರು ತಾಳ್ಮೆ ಕಳೆದುಕೊಂಡು ದಿನಕ್ಕೆ ಹತ್ತು ಪುಟ ಎಂದು ಕಟ್ಟುಮಾಡಿಬಿಡುತ್ತಾರೆ, ಅಲ್ಲಿಗೆ ಕೆಟ್ಟಿತು. ಪುಸ್ತಕ ತೆಗೆದು ಚಿತ್ರ ನೋಡಿ ಇಟ್ಟರೆ ಅದೂ ಓದೇ. ಕೊನೆಯ ಪುಟ ಮೊದಲು ಓದಿದರೆ ಅದೂ ಓದೇ. ಒಂದೇ ಪುಸ್ತಕವನ್ನು ಐದು ಸಲ ಓದುವ ಮಗುವನ್ನು ತಡೆಯಬೇಡಿ. ಮೊದಲ ಸಲ ಕತೆಗಾಗಿ ಓದಿದ್ದನ್ನು ಐದನೆಯ ಸಲ ಮಾತಿನ ರುಚಿಗಾಗಿ ಓದುತ್ತಿರುತ್ತದೆ.

ಇನ್ನೆರಡು ಸಂಗತಿ ಓದನ್ನು ಹಾಳುಮಾಡುತ್ತವೆ. ಒಂದು ಬಹುಮಾನ. ಪುಸ್ತಕಕ್ಕೆ ಹತ್ತು ರೂಪಾಯಿ ಎಂದ ಕೂಡಲೇ ಮಗು ಬುಟ್ಟಿಯಲ್ಲಿ ಅತಿ ತೆಳ್ಳಗಿನದನ್ನು ಹುಡುಕುತ್ತದೆ, ದಪ್ಪದ್ದು ನಷ್ಟದ ವ್ಯಾಪಾರವಾಗುತ್ತದೆ. ಇನ್ನೊಂದು ಸಾರಾಂಶ. ‘ಏನು ಓದಿದೆ ಹೇಳು, ನೀತಿ ಏನು, ಐದು ಹೊಸ ಪದ ಬರೆದು ತೋರಿಸು.’ ಶಿಕ್ಷಕರು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಪ್ರತಿ ಪುಸ್ತಕದ ಕೊನೆಗೆ ಒಂದು ಪ್ರಶ್ನೆಪತ್ರಿಕೆ ಕಾದಿದೆ ಎಂದು ಗೊತ್ತಾದ ಮಗು ಪುಸ್ತಕ ಮುಗಿಸುವುದನ್ನೇ ಬಿಡುತ್ತದೆ. ಕೇಳಲೇಬೇಕೆನಿಸಿದರೆ ಒಂದೇ ಪ್ರಶ್ನೆ ಸಾಕು: ‘ಇದನ್ನ ನಾನೂ ಓದಬಹುದಾ?’ ಆಮೇಲೆ ನಿಜವಾಗಿಯೂ ಓದಬೇಕು.

ಪುಸ್ತಕ ಕಷ್ಟವೋ ಸುಲಭವೋ ಎಂದು ತಿಳಿಯಲು ಐದು ಬೆರಳಿನ ಉಪಾಯ ಹಲವರಿಗೆ ಗೊತ್ತು. ನಡುವಿನ ಒಂದು ಪುಟ ತೆರೆದು ಓದುವುದು, ಗೊತ್ತಾಗದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸುವುದು, ಪುಟ ಮುಗಿಯುವುದರೊಳಗೆ ಐದೂ ಮಡಿಸಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಕನ್ನಡಕ್ಕೆ ಇದನ್ನು ಹಾಗೆಯೇ ತಂದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಮಗು ತಡೆದು ನಿಲ್ಲುವ ಪದ ಅನೇಕ ಸಲ ಅದಕ್ಕೆ ಗೊತ್ತಿರುವ ಪದವೇ, ಸಂಧಿಯಾಗಿ ಮುಖ ಬದಲಿಸಿಕೊಂಡು ಬಂದಿರುತ್ತದೆ.

ಈ ಸಾಲು ನೋಡಿ: ‘ಅವನು ಮರವನ್ನೇರಿದನಾದರೂ ಹಣ್ಣು ಸಿಗಲಿಲ್ಲ.’ ಮಗು ‘ಮರವನ್ನೇ’ ಎಂದು ಓದಿ ನಿಲ್ಲುತ್ತದೆ. ‘ಮರವನ್ನೇ’ ಎಂದರೆ ಮರವನ್ನು ಮಾತ್ರ ಎಂಬ ಅರ್ಥ ಅದರ ತಲೆಗೆ ಬಂದುಬಿಟ್ಟಿದೆ, ಮುಂದಿನ ‘ರಿದನಾದರೂ’ ಎಲ್ಲಿಗೂ ಕೂಡುವುದಿಲ್ಲ. ಈಗ ನಿಮ್ಮ ಬೆರಳಿನಿಂದ ಪದ ಮುಚ್ಚಿ, ಒಂದೊಂದೇ ತುಂಡು ಬಿಡಿಸಿ ಹೇಳಿ: ಮರವನ್ನು, ಏರಿದನು, ಆದರೂ. ಮೂರೂ ಗೊತ್ತಿರುವ ಪದಗಳೇ. ಅರ್ಥ ಹೇಳಬೇಡಿ, ಬಿಡಿಸಿ ತೋರಿಸಿ ಸುಮ್ಮನಾಗಿ. ಮಗು ತಾನೇ ಕೂಡಿಸಿ ಇನ್ನೊಮ್ಮೆ ಓದುತ್ತದೆ. ನಾಲ್ಕೈದು ಪದಕ್ಕೆ ಹೀಗೆ ಮಾಡಿದ ಮೇಲೆ ಅದರ ಕಣ್ಣೇ ಬಿಡಿಸಲು ಕಲಿಯುತ್ತದೆ. ಆದ್ದರಿಂದ ಬೆರಳು ಮಡಿಸುವುದು ಬಿಡಿಸಿ ಹೇಳಿದ ಮೇಲೂ ಅರ್ಥವಾಗದ ಪದಕ್ಕೆ ಮಾತ್ರ.

ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಅರ್ಕಾವತ್ತು. ‘ಸೂರ್ಯ’ ಎಂದು ಬರೆದಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ಅದರ ಬಲಕ್ಕೆ ಕೊಕ್ಕೆಯಂಥ ಗುರುತು. ಬಾಯಿಗೆ ಮೊದಲು ಬರಬೇಕಾದ್ದು ರೇಫ, ಅಂದರೆ ‘ರ್’. ಕಂಡ ಕ್ರಮದಲ್ಲೇ ಓದುವ ಮಗು ‘ಸೂಯ್ರ’ ಎನ್ನುತ್ತದೆ. ಅದು ದಡ್ಡತನವಲ್ಲ, ಬೇರೆಲ್ಲ ಒತ್ತಕ್ಷರಗಳಲ್ಲಿ ಅದೇ ಕ್ರಮ ಸರಿಯಾಗಿರುತ್ತದೆ. ವರ್ಷ, ಕಾರ್ಯ, ಅರ್ಧ, ದರ್ಜಿ ಎಂದು ನಾಲ್ಕು ಪದ ಬರೆದು ಜೋರಾಗಿ ಓದಿಸಿ. ಹತ್ತು ನಿಮಿಷದ ಕೆಲಸ. ಇಷ್ಟು ಮಾಡದೆ ‘ಇವಳಿಗೆ ಕನ್ನಡ ಓದಲು ಆಸಕ್ತಿಯಿಲ್ಲ’ ಎನ್ನುವುದು ಅನ್ಯಾಯ.

ಇಲ್ಲಿ ಗಟ್ಟಿಯಾಗಿ ಓದಿ ಹೇಳುವುದರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ವಂತ ಓದು ಬಂದ ಕೂಡಲೇ ಓದಿ ಹೇಳುವುದನ್ನು ನಾವು ನಿಲ್ಲಿಸಿಬಿಡುತ್ತೇವೆ. ಕನ್ನಡದಲ್ಲಿ ಅದು ದೊಡ್ಡ ನಷ್ಟ. ನಮ್ಮ ಆಡುಮಾತಿಗೂ ಬರಹಕ್ಕೂ ದೂರ ಇದೆ. ‘ಹೋಗ್ತೀನಿ’ ಎನ್ನುವ ಮಗು ‘ಹೋಗುತ್ತೇನೆ’ಯನ್ನು ಪುಸ್ತಕದಲ್ಲಷ್ಟೇ ಕಾಣುತ್ತದೆ; ಕಿವಿಗೆ ಬೀಳದ ಹೊರತು ಅದಕ್ಕೆ ಆ ಭಾಷೆ ಪರಕೀಯವೇ. ಹೊಸ ಪುಸ್ತಕದ ಮೊದಲ ಎರಡು ಪುಟಗಳನ್ನು ದೊಡ್ಡವರು ಓದಿ, ಕುತೂಹಲ ಹುಟ್ಟಿದ ಕಡೆ ನಿಲ್ಲಿಸಿ, ಪುಸ್ತಕವನ್ನು ತೆರೆದಂತೆಯೇ ಬೋರಲಾಗಿಟ್ಟು ನೀರು ಕುಡಿಯಲು ಏಳಿ. ವಾಪಸ್ ಬರುವಷ್ಟರಲ್ಲಿ ಅದು ಬೇರೆಯವರ ಕೈ ಸೇರಿರುವುದುಂಟು.

ದೊಡ್ಡವರ ಓದಿಗೂ ಇದು ಅನ್ವಯಿಸುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪುಟ ಹೆಚ್ಚಿಲ್ಲ. ಆದರೂ ಬೇರೆ ಸೀಮೆಯ ಎಷ್ಟೋ ಓದುಗರು ನಾಲ್ಕು ಪುಟದಲ್ಲಿ ನಿಲ್ಲುತ್ತಾರೆ, ಏಕೆಂದರೆ ಅದು ನಂಜನಗೂಡು ಚಾಮರಾಜನಗರದ ಕಡೆಯ ಆಡುಮಾತು. ಕಣ್ಣಲ್ಲಿ ಓದಬೇಡಿ, ಬಾಯಲ್ಲಿ ಓದಿ. ಆ ಕಡೆಯವರು ಒಬ್ಬರು ಸಿಕ್ಕಿದರೆ ಅವರಿಂದ ಓದಿಸಿ ಕೇಳಿ. ಕಾಗದದ ಮೇಲೆ ಕಗ್ಗಂಟಾಗಿ ಕಂಡದ್ದು ಕಿವಿಗೆ ಬಿದ್ದಾಗ ನೇರ ಮಾತಾಗುತ್ತದೆ. ಕುಮಾರವ್ಯಾಸನನ್ನು ಊರುಗಳಲ್ಲಿ ಓದು ಬಾರದವರೂ ಬಲ್ಲವರಾಗಿದ್ದದ್ದು ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕಿಗಳ ಬಾಯಿಂದಲೇ. ಸಂಜೆ ದೀಪ ಹಚ್ಚಿದ ಮೇಲೆ ಎರಡು ಷಟ್ಪದಿ ಸಾಕು. ಭಾಮಿನಿಯ ಮೂರು, ನಾಲ್ಕು, ಮೂರು, ನಾಲ್ಕು ಎಂಬ ಮಾತ್ರೆಯ ನಡಿಗೆ ಕಿವಿಗೆ ಕೂತರೆ ಪದ ಎಲ್ಲಿ ಒಡೆಯಬೇಕು ಎಂಬುದು ಅರ್ಧ ತಿಳಿದಂತೆ.

ದಪ್ಪ ಕಾದಂಬರಿ ಓದಬೇಕೆಂದು ಬೇಸಿಗೆಗೇ ಕಾಯುವವರಿದ್ದಾರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದ್ದು. ಅದನ್ನು ಕೈಗೆತ್ತಿಕೊಂಡು ನೂರು ಪುಟದ ಒಳಗೆ ಬಿಟ್ಟವರ ದೂರು ಹೆಚ್ಚುಕಡಿಮೆ ಒಂದೇ: ‘ಯಾರು ಯಾರು ಅಂತ ಗೊತ್ತಾಗೋದಿಲ್ಲ.’ ಅಲ್ಲಿ ಜನ ಬಹಳ. ಹೆಸರುಗಳನ್ನು ನೆನಪಿಡಲು ಹೋದರೆ ಸೋಲುತ್ತೀರಿ, ಮನೆಗಳನ್ನು ಹಿಡಿಯಿರಿ. ಒಂದು ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಂದು ದೂರದೂರ ಬರೆದುಕೊಳ್ಳಿ. ಯಾರಾದರೂ ಹೊಸಬರು ಬಂದಾಗ ಅವರ ಮನೆಯ ಕೆಳಗೆ ಹೆಸರು ಸೇರಿಸಿ. ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ. ಹೆಚ್ಚಾಗಿ ದಾರಿಯಲ್ಲೇ ಸಿಗುವವರನ್ನು, ಗುತ್ತಿ, ಅವನ ನಾಯಿ ಹುಲಿಯ, ಇಂಥವರನ್ನು, ಮನೆಗಳ ನಡುವಿನ ಖಾಲಿ ಜಾಗದಲ್ಲಿ ಬರೆಯಿರಿ. ಐವತ್ತು ಪುಟ ಕಳೆಯುವಷ್ಟರಲ್ಲಿ ನಿಮ್ಮ ಕೈಯಲ್ಲೊಂದು ಸೀಮೆಯ ನಕಾಶೆ ಇರುತ್ತದೆ. ಮಲೆನಾಡಿನ ಪದ ಅರ್ಥವಾಗದಿದ್ದರೆ ನಿಲ್ಲಬೇಡಿ, ಮುಂದೆ ಹೋಗಿ. ಮೂರನೆಯ ಸಲ ಬಂದಾಗ ಸಂದರ್ಭವೇ ಹೇಳುತ್ತದೆ.

ಅಷ್ಟಾಗಿಯೂ ಹಿಡಿಸದಿದ್ದರೆ? ಇಡಿ. ಬಿಡುವುದು ಬೇರೆ, ಇಡುವುದು ಬೇರೆ. ಮಕ್ಕಳಿಗೆ ಐದಾರು ಪುಟ, ದೊಡ್ಡವರಿಗೆ ಮೂವತ್ತು ಪುಟ ನೋಡುವುದು ನ್ಯಾಯ, ಏಕೆಂದರೆ ನಮ್ಮ ಹಳೆಯ ಕಾದಂಬರಿಗಳು ಊರು, ಹೊಳೆ, ಮನೆತನ ಹೇಳಿ ಮುಗಿಸಿಯೇ ಕತೆಗೆ ಬರುತ್ತವೆ. ಅಲ್ಲಿಗೂ ಒಳಗೆ ಸೇರಿಸದಿದ್ದರೆ ಒಂದು ಕಾಗದದ ಚೂರಿನಲ್ಲಿ ಪುಟಸಂಖ್ಯೆ, ತಾರೀಕು ಬರೆದು ಒಳಗಿಟ್ಟು ರಾಶಿಗೆ ವಾಪಸ್ ಹಾಕಿ. ಪುಟದ ಮೂಲೆ ಮಡಿಸಬೇಡಿ. ಹಳೆಯ ಕಾಗದ ಮಡಿಸಿದಲ್ಲೇ ತುಂಡಾಗುತ್ತದೆ. ಬಸ್ ಟಿಕೆಟ್ ಆಗಬಹುದು, ಎಲೆ ಹೂವು ಬೇಡ, ಅವುಗಳ ಕಲೆ ಪುಟಕ್ಕೆ ಹತ್ತುತ್ತದೆ.

ಗ್ರಂಥಾಲಯದವರಿಗೆ ಒಂದು ಮಾತು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಗ್ರಂಥಾಲಯಕ್ಕೆ ಬೇಕಾದ ತಮ್ಮ ಐದು ಸೂತ್ರಗಳನ್ನು 1931ರಲ್ಲಿ ಪುಸ್ತಕವಾಗಿ ಕೊಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಅದರಲ್ಲಿ ಎರಡು. ತೆರೆದ ಕಪಾಟು ಬೇಕೆಂದು ಅವರು ವಾದಿಸಿದ್ದು ಇದಕ್ಕೇ. ಓದುಗ ಹುಡುಕಿಕೊಂಡು ಬಾರದ ಪುಸ್ತಕವೂ ಅವನ ಕಣ್ಣಿಗೆ ಬೀಳಬೇಕು. ಗಾಜಿನ ಬೀರುವಿಗೆ ಬೀಗ ಹಾಕಿದರೆ ಈ ಎರಡೂ ಸೂತ್ರ ಸತ್ತಂತೆ. ಬೀಗ ಏಕೆ ಹಾಕುತ್ತಾರೆಂಬುದೂ ಗೊತ್ತಿದೆ: ಪುಸ್ತಕ ಕಳೆದರೆ ಹೊಣೆ ಮೇಲ್ವಿಚಾರಕರ ತಲೆಗೆ. ಎಲ್ಲ ತೆರೆಯಲಾಗದಿದ್ದರೆ ನಲವತ್ತು ಪುಸ್ತಕ ಹೊರತೆಗೆದು ಚಾಪೆಯ ಮೇಲೆ ಮುಖಪುಟ ಕಾಣುವಂತೆ ಹರಡಿ. ದಾಖಲೆ ಪುಸ್ತಕದಲ್ಲಿ ಪರಿಗ್ರಹಣ ಸಂಖ್ಯೆ (ಗ್ರಂಥಾಲಯ ಆ ಪುಸ್ತಕಕ್ಕೆ ಕೊಟ್ಟ ಸಂಖ್ಯೆ), ಮಗುವಿನ ಹೆಸರು, ತಾರೀಕು ಇಷ್ಟೇ ಸಾಕು. ಸಂಜೆ ಎಣಿಸಿ ಒಳಗಿಡುವುದಕ್ಕೆ ಐದು ನಿಮಿಷ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ಮಕ್ಕಳನ್ನು ಓದಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು, ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಪೋಷಕರು ರಜೆಯ ಮೊದಲ ವಾರದಲ್ಲೇ ಮಗುವನ್ನು ಕರೆದುಕೊಂಡು ಹೋಗಿ ಸದಸ್ಯತ್ವ ಮಾಡಿಸಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ಪದ್ಧತಿ ಇರುವ ದೊಡ್ಡ ಗ್ರಂಥಾಲಯವಾದರೆ ಮಗುವಿಗೆ ಮೂರು ಸಂಖ್ಯೆ ಹೇಳಿಕೊಡಿ: 520 ಆಕಾಶ, 590 ಪ್ರಾಣಿಗಳು, 641 ಅಡುಗೆ. ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತದೆ. ಮಗು ನೇರ ಅಲ್ಲಿಗೆ ಹೋಗಿ ಅಕ್ಕಪಕ್ಕ ತಡಕಾಡಲಿ. ಹುಡುಕಿದ ಪುಸ್ತಕಕ್ಕಿಂತ ಅದರ ಪಕ್ಕದ್ದು ಹಿಡಿಸುವುದೇ ಹೆಚ್ಚು.

ಹತ್ತಿರ ಗ್ರಂಥಾಲಯ ಇಲ್ಲದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕನ್ನಡ ಪುಸ್ತಕಗಳು ಉಚಿತ, ಓದಿನ ಮಟ್ಟದ ಪ್ರಕಾರ ವಿಂಗಡಿಸಿವೆ. ಪರದೆಯಲ್ಲಿ ಓದಿಸುವ ಬದಲು ನಾಲ್ಕು ಪುಸ್ತಕ ಆರಿಸಿ ಮುದ್ರಿಸಿ, ನಡುವೆ ಪಿನ್ ಹೊಡೆದು ಬುಟ್ಟಿಗೆ ಹಾಕಿ. ಹೊರದೇಶದಲ್ಲಿರುವ ಮೊಮ್ಮಕ್ಕಳಿಗೂ ಇದು ಸಲೀಸು. ಒಂದೇ ಪುಸ್ತಕದ ಎರಡು ಪ್ರತಿ, ಒಂದು ಅಜ್ಜಿಯ ಕೈಯಲ್ಲಿ, ಒಂದು ಅಲ್ಲಿ. ವಿಡಿಯೋ ಕರೆಯಲ್ಲಿ ಅಜ್ಜಿ ಓದಿದ ಸಾಲಿನ ಮೇಲೆ ಮಗು ಬೆರಳಾಡಿಸುತ್ತದೆ.

ಪುಸ್ತಕದ ಮೈ ಬಗ್ಗೆಯೂ ಹೇಳಬೇಕು. ಬುಟ್ಟಿಯ ಪುಸ್ತಕಕ್ಕೆ ಬೇಸಿಗೆಯಲ್ಲಿ ಎರಡು ಗಂಡಾಂತರ. ಮೊದಲನೆಯದು ಬಿಸಿಲು. ಈಗಿನ ಪುಸ್ತಕಗಳ ಬೆನ್ನಿಗೆ ಹೊಲಿಗೆ ಇರುವುದು ಕಡಿಮೆ, ಬಿಸಿ ಅಂಟಿನಿಂದ ಕಚ್ಚಿಸಿರುತ್ತಾರೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಅಂಟು ಮೆದುವಾಗಿ ಪುಟ ಕಳಚುತ್ತವೆ. ಹೊಸ ಪುಸ್ತಕವನ್ನು ನಡುವಿಗೆ ತೆರೆದು ಒಮ್ಮೆಲೆ ಹಿಂದಕ್ಕೆ ಬಾಗಿಸಿದರೂ ಅಂಟು ಬಿರಿಯುತ್ತದೆ. ಬೆನ್ನನ್ನು ಮೇಜಿಗೆ ಊರಿ, ಮುಂದಿನ ಹತ್ತು ಪುಟ, ಹಿಂದಿನ ಹತ್ತು ಪುಟ ಎಂದು ಎರಡೂ ಕಡೆಯಿಂದ ನಡುವಿನವರೆಗೆ ಮೆಲ್ಲಗೆ ಒತ್ತಿಕೊಂಡು ಬನ್ನಿ. ಎರಡು ನಿಮಿಷದ ಕೆಲಸಕ್ಕೆ ಪುಸ್ತಕ ಹತ್ತು ಕೈ ತಾಳುತ್ತದೆ.

ಎರಡನೆಯದು ಸಂಜೆಯ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ, ಆದರೆ ಜಗಲಿಯ ಬುಟ್ಟಿ ಒಳಗೆ ತರಲು ಮರೆತರೆ ಪುಸ್ತಕದ ಗತಿ ಮುಗಿಯಿತು. ನೆನೆದ ಪುಸ್ತಕವನ್ನು ಬಿಸಿಲಿಗಿಡಬೇಡಿ, ಪುಟ ಅಲೆಯಲೆಯಾಗಿ ಸೆಟೆಯುತ್ತವೆ. ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಹತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಬಿಳಿ ಕಾಗದ ಸೇರಿಸಿ ಫ್ಯಾನ್ ಕೆಳಗೆ ಮಲಗಿಸಿ, ಗಂಟೆಗೊಮ್ಮೆ ಕಾಗದ ಬದಲಿಸಿ. ಪತ್ರಿಕೆ ಕಾಗದ ಬೇಡ, ಮಸಿ ಹತ್ತುತ್ತದೆ. ನುಣುಪು ಕಾಗದದ ಚಿತ್ರಪುಸ್ತಕವಾದರೆ ತಡಮಾಡದೆ ಪ್ರತಿ ಪುಟದ ನಡುವೆಯೂ ಕಾಗದ ಇಡಬೇಕು. ಒಮ್ಮೆ ಅಂಟಿಕೊಂಡು ಒಣಗಿದರೆ ಬಿಡಿಸಲು ಬರುವುದಿಲ್ಲ. ಎರಡು ದಿನ ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಕೂಡಲೇ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಬಿಡುವಾದಾಗ ತೆಗೆದು ಒಣಗಿಸಿ. ತೇವ ಪೂರ್ತಿ ಆರಿದ ಮೇಲೆ ಎರಡು ಹಲಗೆಯ ನಡುವೆ ಇಟ್ಟು ಮೇಲೊಂದು ರುಬ್ಬುವ ಗುಂಡುಕಲ್ಲು ಹೇರಿ.

ಮಾತು ಮುಗಿದ ಮೇಲೆ ಸಭೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಏಳು ವಾರವೂ ಬುಟ್ಟಿ ಇಟ್ಟು, ಮಗು ಒಂದು ಪುಸ್ತಕವನ್ನೂ ಮುಗಿಸದಿದ್ದರೆ ಏನು ಮಾಡುವುದು? ಮೊದಲು ಬುಟ್ಟಿಯ ಪುಸ್ತಕಗಳನ್ನು ತೆರೆದು ಪುಟದ ಚೀಟಿಗಳನ್ನು ನೋಡಿ. ಹತ್ತು ಪುಸ್ತಕದಲ್ಲಿ ಹನ್ನೆರಡು, ಇಪ್ಪತ್ತು, ಏಳು ಎಂದು ಚೀಟಿಗಳಿದ್ದರೆ ಮಗು ಓದುತ್ತಿದೆ, ತನಗೆ ಹಿಡಿಸುವುದನ್ನು ಇನ್ನೂ ಹುಡುಕುತ್ತಿದೆ. ರಾಶಿ ಬದಲಿಸಬೇಕಾದ್ದು ನೀವು. ಒಂದು ಚೀಟಿಯೂ ಇಲ್ಲದಿದ್ದರೆ ಪಕ್ಕ ಕೂತು ಅರ್ಧ ಪುಟ ಗಟ್ಟಿಯಾಗಿ ಓದಿಸಿ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದರೆ ಅದಕ್ಕೆ ಪುಸ್ತಕ ಬೇಡವಾಗಿಲ್ಲ, ಅಕ್ಷರ ದಾರಿ ಬಿಡುತ್ತಿಲ್ಲ. ಒಂದು ಸಾಲು ನೀವು, ಒಂದು ಸಾಲು ಅದು, ದಿನಕ್ಕೆ ಎರಡೇ ಪುಟ. ಮತ್ತು ಶಾಲೆ ಶುರುವಾದ ದಿನವೇ ಬುಟ್ಟಿಯನ್ನು ಅಟ್ಟಕ್ಕೆ ಹಾಕಬೇಡಿ. ಚೀಟಿ ಇರುವ ಐದು ಪುಸ್ತಕಗಳನ್ನು ಜೂನ್ ಮುಗಿಯುವವರೆಗೆ ಅಲ್ಲೇ ಇಡಿ. ಗ್ರಂಥಾಲಯದ್ದಾದರೆ ವಾಪಸ್ ಕೊಟ್ಟು, ಅದನ್ನೇ ಇನ್ನೊಮ್ಮೆ ಬರೆಸಿಕೊಂಡು ಬನ್ನಿ.